ವುಡ್‌ಬ್ರಿಡ್ಜಿನ ರೊಟ್ಟಿಮನೆಯಲ್ಲಿ ಅಕ್ಕ ಎನಿಸಿಕೊಂಡದ್ದು

ಕೆಲಸ ಕೇಳಿಕೊಂಡು ಬಂದ ಹೆಣ್ಣುಮಗಳಿಗೆ ‘ಯಾವೂರವ್ವ ನಿಂದು?’ ಎಂದು ಕೇಳಬಾರದಂತೆ. ಮದುವೆಯಾಗಿದೆಯೇ, ಮಕ್ಕಳೆಷ್ಟು, ಗಂಡ ಏನು ಮಾಡುತ್ತಾನೆ, ಮನೆದೇವರು ಯಾವುದು, ಇವು ಯಾವುವನ್ನೂ ಕೇಳಬಾರದಂತೆ. ಸಣ್ಣ ಉದ್ಯೋಗ ಶುರುಮಾಡುವವರಿಗೆಂದು ಇಲ್ಲಿನ ಗ್ರಂಥಾಲಯದಲ್ಲಿ ನಡೆದ ತರಗತಿಯಲ್ಲಿ ಬಿಳಿಕೂದಲಿನ ಹೆಂಗಸೊಬ್ಬರು ಇದನ್ನು ಹೇಳಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ಇಷ್ಟನ್ನೂ ಬಿಟ್ಟರೆ ಮನುಷ್ಯರ ಹತ್ತಿರ ಕೇಳುವುದಕ್ಕೆ ಇನ್ನೇನು ಉಳಿಯಿತು? ಅವರು ನಗಲಿಲ್ಲ. ‘ಈ ಕೆಲಸ ಬರುತ್ತದೆಯೇ, ಇಲ್ಲಿ ಕೆಲಸ ಮಾಡಲು ಪರವಾನಗಿ ಇದೆಯೇ, ಅಷ್ಟು ಕೇಳಿ ಸಾಕು’ ಎಂದರು. ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದನ್ನು ಪಾಲಿಸಬೇಕು ಎಂದು ಮಾತ್ರ ನನಗೆ ಅನಿಸಲಿಲ್ಲ.

ನಾನು ಹುಬ್ಬಳ್ಳಿಯವಳು, ಹೆಸರು ಸುಮಂಗಲಾ. ಅಲ್ಲಿ ನಮ್ಮ ದೊಡ್ಡವ್ವನ ಖಾನಾವಳಿ ಇತ್ತು. ಆರು ಜನ ಹೆಂಗಸರು ಒಲೆಗಳ ಮುಂದೆ ಸಾಲಾಗಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಅವರ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ದೊಡ್ಡವ್ವ ಅವರ ಹೆರಿಗೆಗೆ ಓಡುತ್ತಿದ್ದಳು, ಅವರ ಹೆಣ್ಣುಮಕ್ಕಳ ಮದುವೆಗೆ ಪಾತ್ರೆ ಕೊಡುತ್ತಿದ್ದಳು, ತಡವಾಗಿ ಬಂದರೆ ಇಡೀ ಓಣಿ ಕೇಳುವಂತೆ ಬಯ್ಯುತ್ತಿದ್ದಳು. ಅವರಲ್ಲಿ ಕಸ್ತೂರೆವ್ವ ಎಂಬಾಕೆಯ ತೋಳಿನ ಮೇಲೆ ಒಮ್ಮೆ ಕುದಿಯುವ ಬೇಳೆ ಚೆಲ್ಲಿತು. ದೊಡ್ಡವ್ವ ಅವಳನ್ನು ತನ್ನ ಮನೆಯಲ್ಲೇ ಮಲಗಿಸಿಕೊಂಡು, ಔಷಧಿ ಹಚ್ಚಿ, ತುತ್ತು ಮಾಡಿ ಉಣ್ಣಿಸಿ, ಹೋಗುವಾಗ ಹೊಸ ಸೀರೆ ಕೊಟ್ಟು ಉಡಿ ತುಂಬಿ ಕಳಿಸಿದಳು. ‘ಮಾಲಕಿ ಅಂದ್ರ ಇಂಥಾಕಿ ಇರಬೇಕ್ ನೋಡ್ರಿ’ ಎಂದು ಓಣಿಯ ಮಂದಿ ಹೊಗಳಿದರು. ನನಗಾಗ ಹನ್ನೊಂದು ವರ್ಷ. ನಾಲ್ಕು ಜನರನ್ನು ಕೆಲಸಕ್ಕಿಟ್ಟುಕೊಳ್ಳುವುದೆಂದರೆ ಹೀಗೆ ಎಂದು ಅಂದೇ ಮನಸ್ಸಿನಲ್ಲಿ ಕೂತುಬಿಟ್ಟಿತು.

ಗಂಡನ ಕೆಲಸದ ಹಿಂದೆ ಈ ಪರದೇಶಕ್ಕೆ ಬಂದಾಗ ನಾವು ಮೊದಲು ಇದ್ದದ್ದು ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಬಡಾವಣೆಯ ಕಟ್ಟಡವೊಂದರ ಹದಿನಾಲ್ಕನೆಯ ಮಹಡಿಯಲ್ಲಿ. ಲಿಫ್ಟಿನಲ್ಲಿ ಉರ್ದು, ಪಷ್ತೋ, ಗುಜರಾತಿ ಎಲ್ಲ ಕಿವಿಗೆ ಬೀಳುತ್ತಿತ್ತು, ಕನ್ನಡ ಒಂದು ಬಿಟ್ಟು. ಗಂಡ ಬೆಳಿಗ್ಗೆ ಹೋದರೆ ಸಂಜೆಯವರೆಗೆ ನನ್ನ ಬಾಯಿಗೆ ಕೆಲಸವಿಲ್ಲ. ಕುಕ್ಕರಿನ ಜೊತೆ ಜಗಳ ಆಡುವಷ್ಟಕ್ಕೆ ಬಂದಾಗ ಕೆಲಸ ಹುಡುಕಿದೆ. ಗೋದಾಮುಗಳಿಗೆ ಆಳು ಒದಗಿಸುವ ಏಜೆನ್ಸಿಯೊಂದು ನನ್ನನ್ನು ಊರಾಚೆಯ ಬೋಲ್ಟನ್‌ಗೆ ಕಳಿಸಿತು. ಮೂತಿಯಲ್ಲಿ ಉಕ್ಕು ಇರುವ ಬೂಟು ಹಾಕಿಕೊಂಡು ಎಂಟು ತಿಂಗಳು ಪೆಟ್ಟಿಗೆ ಕಟ್ಟಿದೆ. ಅಲ್ಲಿನ ಸೂಪರ್‌ವೈಸರಿಗೆ ಕೊನೆಯವರೆಗೂ ನನ್ನ ಹೆಸರು ಬರಲಿಲ್ಲ. ಆದರೆ ಒಂದು ದಿನ ಕಟ್ಟರ್ ಜಾರಿ ನನ್ನ ಹೆಬ್ಬೆರಳು ಕೊಯ್ದಾಗ ಅದೇ ಮನುಷ್ಯ ಕೆಲಸ ನಿಲ್ಲಿಸಿ, ಪಟ್ಟಿ ಹಾಕಿಸಿ, ಎಲ್ಲಿ ಆಯಿತು, ಎಷ್ಟು ಹೊತ್ತಿಗೆ, ಹೇಗೆ ಎಂದು ಬರೆದುಕೊಂಡು ನನ್ನ ಸಹಿ ತೆಗೆದುಕೊಂಡ. ‘ಬಹಳ ನೋಯುತ್ತಿದೆಯಾ’ ಎಂದು ಒಂದು ಮಾತು ಕೇಳಲಿಲ್ಲ. ಮನೆಗೆ ಬಂದು ಅತ್ತೆ. ಎಂಥ ಕಲ್ಲುಮನಸ್ಸಿನ ಜನ, ನಾನು ಎಂದಾದರೂ ಯಾರಿಗಾದರೂ ಕೆಲಸ ಕೊಟ್ಟರೆ ದೊಡ್ಡವ್ವನ ಹಾಗೆ ಕೊಡುತ್ತೇನೆ ಎಂದು ಗಂಡನ ಮುಂದೆ ಹೇಳಿಕೊಂಡೆ. ಆ ಕಾಗದ ನನ್ನ ಒಳ್ಳೆಯದಕ್ಕೆ ಬರೆದದ್ದು ಎಂದು ಆಗ ನನ್ನ ತಲೆಗೆ ಹೋಗಲೇ ಇಲ್ಲ.

ಕೆಲವು ವರ್ಷ ಮನೆಯಿಂದಲೇ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕನ್ನಡದ ಮನೆಗಳಿಗೆ ಕೊಟ್ಟೆ. ಬೆಂಗಳೂರು, ಮೈಸೂರಿನ ಐಟಿ ಹುಡುಗರೂ ಖಡಕ್ ರೊಟ್ಟಿಗೆ ಮನಸೋತರು. ಕೊನೆಗೆ ವುಡ್‌ಬ್ರಿಡ್ಜಿನ ಕೈಗಾರಿಕಾ ಪ್ರದೇಶದಲ್ಲಿ, ಒಂದು ಕಡೆ ಟೈಲ್ಸ್ ಅಂಗಡಿ, ಇನ್ನೊಂದು ಕಡೆ ಕಾರಿನ ಗ್ಯಾರೇಜು ಇರುವ ಸಾಲಿನಲ್ಲಿ ಒಂದು ಜಾಗ ಬಾಡಿಗೆಗೆ ಸಿಕ್ಕಿತು. ಗೋಡೆಗೆ ಮೊದಲು ಹಾಕಬೇಕಾದದ್ದು ಕೆಲಸಗಾರರ ಹಕ್ಕುಗಳ ಸರಕಾರಿ ಪೋಸ್ಟರು. ಐದು ತಾಸು ದುಡಿದರೆ ಅರ್ಧ ತಾಸು ಊಟಕ್ಕೆ ಬಿಡಬೇಕು, ರಜೆ ಇಷ್ಟು ಕೊಡಬೇಕು, ಅಪಘಾತದ ವಿಮೆ ಮಾಡಿಸಬೇಕು, ಯಾರಿಗಾದರೂ ಪೆಟ್ಟಾಗಿ ಡಾಕ್ಟರ ಹತ್ತಿರ ಹೋದರೆ ಮೂರು ಕೆಲಸದ ದಿನಗಳೊಳಗೆ ವಿಮೆ ಮಂಡಳಿಗೆ ತಿಳಿಸಬೇಕು. ಎಲ್ಲವನ್ನೂ ಮಾಡಿಸಿದೆ. ಪೋಸ್ಟರಿನ ಪಕ್ಕ ಬನಶಂಕರಿಯ ಫೋಟೋ ಹಾಕಿದೆ. ಹುಬ್ಬಳ್ಳಿಗೆ ವಿಡಿಯೊ ಕಳಿಸಿದಾಗ ನಮ್ಮವ್ವ ಪೋಸ್ಟರು ನೋಡಿ, ‘ಅದೇನವಾ, ಗುಡಿಯಾಗ ಕಾಣಿಕಿ ಹುಂಡ್ಯಾಗ ಹಾಕ್ರಿ ಅನ್ನೂ ಬೋರ್ಡ್ ಇದ್ದಂಗ ಐತಿ’ ಎಂದಳು. ಇಬ್ಬರೂ ನಕ್ಕೆವು.

ಭಾರತಿ ಬಂದದ್ದು ಆ ವರ್ಷವೇ. ಇಳಕಲ್ಲಿನ ಹುಡುಗಿ, ಇಪ್ಪತ್ತೇಳರ ವಯಸ್ಸು. ಗಂಡ ಇಲ್ಲಿ ಕಾಲೇಜು ಓದುತ್ತಿದ್ದ, ಅವನ ವೀಸಾದ ಮೇಲೆ ಅವಳಿಗೆ ಕೆಲಸದ ಪರವಾನಗಿ. ಮನೆ ನಡೆಯಬೇಕಾದದ್ದು ಅವಳ ದುಡಿಮೆಯಿಂದ. ನಾನು ಮೊದಲ ಮಾತಿಗೇ ‘ಯಾವೂರವ್ವ ನಿಂದು?’ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ‘ಇಲ್ಲಿಗೆ ಬಂದ ಮ್ಯಾಲ ಯಾರೂ ಹಿಂಗ ಕೇಳಿರಲಿಲ್ರಿ ಅಕ್ಕಾರ’ ಎಂದಳು. ಹಿಟ್ಟು ಕೊಟ್ಟೆ, ಬಡಿದು ತೋರಿಸಿದಳು. ಅವಳ ಅಂಗೈ ಕೆಳಗೆ ರೊಟ್ಟಿ ತಾನಾಗಿ ತಿರುಗುತ್ತಿತ್ತು, ಅಂಚು ಎಲ್ಲೂ ಬಿರಿಯುತ್ತಿರಲಿಲ್ಲ. ಆ ಸದ್ದು ಕೇಳಿ ಎಷ್ಟೋ ವರ್ಷವಾಗಿತ್ತು. ಅವತ್ತಿನಿಂದ ಅವಳು ನನಗೆ ತಂಗಿಯಾದಳು. ಊಟ ಒಂದೇ ಡಬ್ಬಿಯಲ್ಲಿ, ಹಬ್ಬ ನಮ್ಮ ಮನೆಯಲ್ಲಿ. ನನ್ನ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಭಾರತಿ ಜೊತೆ ಮಾತ್ರ ಹೇಗೋ ಕನ್ನಡ ಆಡುತ್ತಿದ್ದಳು.

ಇನ್ನಿಬ್ಬರು ಪಂಜಾಬಿ ಹೆಂಗಸರೂ ಕೆಲಸಕ್ಕಿದ್ದರು. ರೊಟ್ಟಿ ಕೈಯಲ್ಲೇ ಬಡಿದರೂ ಕರ್ಚಿಕಾಯಿ, ಶಂಕರಪಾಳಿಗೆ ಕಣಕ ಲಟ್ಟಿಸಲು ಒಂದು ಯಂತ್ರ ತಂದಿದ್ದೆ. ಎರಡು ಉಕ್ಕಿನ ಉರುಳೆಗಳ ನಡುವೆ ಹಿಟ್ಟು ಹೋಗಿ ಹಾಳೆಯಾಗಿ ಬರುತ್ತದೆ. ಉರುಳೆಯ ಬಾಯಿಗೆ ಬೆರಳು ಹೋಗದಂತೆ ಒಂದು ಉಕ್ಕಿನ ಜಾಲರಿ ಇರುತ್ತದೆ.

ಆ ಜಾಲರಿಯನ್ನು ತೆಗೆದವಳು ನಾನು. ಖಂಡೇ ಪೂಜೆಯ ದಿನ, ನೀವು ಆಯುಧ ಪೂಜೆ ಅನ್ನುತ್ತೀರಲ್ಲ, ಯಂತ್ರವನ್ನು ಬಿಚ್ಚಿ ತೊಳೆದು, ಉರುಳೆಗಳಿಗೆ ವಿಭೂತಿ ಪಟ್ಟೆ ಎಳೆದು, ಜಾಲರಿಗೂ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಕಾಯಿ ಒಡೆದೆವು. ಮರುದಿನ ಬನ್ನಿ ಕೊಡಲು ಇಲ್ಲಿ ಬನ್ನಿ ಎಲ್ಲಿದೆ? ಪಾರ್ಕಿಂಗಿನಲ್ಲಿ ಬಿದ್ದಿದ್ದ ಹಳದಿ ಎಲೆ ಆರಿಸಿ ತಂದು ಭಾರತಿ ನನ್ನ ಕೈಗಿಟ್ಟು ಕಾಲು ಮುಟ್ಟಿದಳು. ‘ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕಾರ’ ಎಂದಳು. ಜಾಲರಿಯ ಮೇಲಿನ ಕುಂಕುಮ ಅಷ್ಟು ಬೇಗ ಒರೆಸಲು ಮನಸ್ಸಾಗದೆ ಅದನ್ನು ಕಪಾಟಿನ ಮೇಲೆ ಬನಶಂಕರಿಯ ಮುಂದೆ ಇಟ್ಟೆ. ಆಮೇಲೆ ದೀಪಾವಳಿಯ ಆರ್ಡರುಗಳು ಬಂದವು. ಜಾಲರಿ ಇಲ್ಲದಿದ್ದರೆ ಹಿಟ್ಟು ಬೇಗ ತುರುಕಬಹುದು, ತೊಳೆಯುವುದೂ ಸಲೀಸು ಎಂದು ಗೊತ್ತಾಯಿತು. ನಾಳೆ ಹಾಕಿದರಾಯಿತು ಎಂದು ಬಿಟ್ಟೆ. ಪೂಜೆಯಾದ ಯಂತ್ರ ಏನು ಮಾಡೀತು ಎಂದೂ ಒಳಗೆಲ್ಲೋ ಇತ್ತು.

ಹಬ್ಬಕ್ಕೆ ಒಂದು ವಾರವಿದ್ದಾಗ, ಭಾನುವಾರ ಮಧ್ಯಾಹ್ನ, ನಾವಿಬ್ಬರೇ ಇದ್ದೆವು. ನಾನು ಎಣ್ಣೆಯ ಮುಂದೆ, ಅವಳು ಯಂತ್ರದ ಮುಂದೆ. ‘ಅಕ್ಕಾರ’ ಎಂದು ಒಮ್ಮೆ ಕರೆದಳು, ಅಷ್ಟೇ. ದನಿ ಏರಿರಲಿಲ್ಲ. ತಿರುಗಿ ನೋಡಿದರೆ ಬಲಗೈಯ ಎರಡು ಬೆರಳು ಉರುಳೆಗಳ ನಡುವೆ ಇದ್ದವು. ಕೆಂಪು ಗುಂಡಿ ಒತ್ತಿ, ಉರುಳೆ ಸಡಿಲಿಸಿ ಬಿಡಿಸಿದೆ. ನಾನು ಮಾಡಿದ ಮೊದಲ ಕೆಲಸ ಅರಿಸಿನ ಮೆತ್ತಿದ್ದು. ಆಮೇಲೆ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ದಾರಿಯಲ್ಲಿ ಡಾಕ್ಟರ್ ಕಾಕಾಗೆ ಫೋನು ಮಾಡಿದೆ. ಅವರು ಬೆಳಗಾವಿಯವರು, ನಾನು ಹುಟ್ಟುವ ಮೊದಲೇ ಈ ದೇಶಕ್ಕೆ ಬಂದು ಡಾಕ್ಟರಿಕೆ ಮಾಡಿ ನಿವೃತ್ತರಾದವರು, ನನ್ನ ರೊಟ್ಟಿಯ ಹಳೆಯ ಗಿರಾಕಿ. ‘ಲಗೂನ ಎಮರ್ಜೆನ್ಸಿಗೆ ಹೋಗ್ರಿ. ಮತ್ತ ಕೆಲಸದಾಗ ಆಗೇತಿ ಅಂತ ಹೇಳ್ರಿ, ಮರೀಬ್ಯಾಡ್ರಿ’ ಎಂದರು. ಭಾರತಿಯೂ ಅದನ್ನು ಕೇಳಿಸಿಕೊಂಡಳು.

ನರ್ಸು ಅರಿಸಿನ ತೊಳೆಯುತ್ತ ಕೇಳಿದಳು, ಇದು ಕೆಲಸದ ಜಾಗದಲ್ಲಿ ಆದದ್ದೇ ಎಂದು. ಭಾರತಿ ನನ್ನ ಮುಖ ನೋಡಿದಳು. ನಾನು ಹರಿದು ಹೋಗುತ್ತಿದ್ದ ಹಳದಿ ನೀರಿನ ಕಡೆ ಕಣ್ಣು ತಿರುಗಿಸಿದೆ. ಅವಳೇ ಹೇಳಿದಳು: ‘ನೋ. ಸಿಸ್ಟರ್ ಹೌಸ್. ಕುಕಿಂಗ್.’

ನರ್ಸು ನನ್ನ ಕಡೆ ತಿರುಗಿದಳು. ‘ನೀವೇನಾ ಆ ಅಕ್ಕ?’

‘ಹೌದು’ ಎಂದೆ.

ಆ ‘ಹೌದು’ ಎಂಬುದರಲ್ಲಿ ಪ್ರೀತಿ ಎಷ್ಟು, ಹೆದರಿಕೆ ಎಷ್ಟು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ. ಜಾಲರಿ ಎಲ್ಲಿ ಎಂದು ಯಾರಾದರೂ ಕೇಳುತ್ತಾರೆ, ರೊಟ್ಟಿಮನೆ ಮುಚ್ಚಿಸುತ್ತಾರೆ ಎಂಬ ಹೆದರಿಕೆ ಇತ್ತು. ಮನೆಯ ಮಾತನ್ನು ಸರಕಾರದ ಮುಂದೆ ಯಾಕೆ ಹರವಬೇಕು, ಇವಳು ನಮ್ಮವಳು, ನಾನೇ ನೋಡಿಕೊಳ್ಳುತ್ತೇನೆ ಎಂಬ ಸೊಕ್ಕೂ ಇತ್ತು. ವಿಮೆ ಇತ್ತು, ಪೆಟ್ಟಾದದ್ದನ್ನು ತಿಳಿಸುವ ಫಾರಂ ಕಪಾಟಿನಲ್ಲಿತ್ತು. ಮೂರು ದಿನ ಕಳೆದವು, ನಾನು ಅದನ್ನು ಹೊರಗೆ ತೆಗೆಯಲಿಲ್ಲ.

ನೋಡಿಕೊಂಡೆ, ಅದರಲ್ಲಿ ಕಡಿಮೆ ಮಾಡಲಿಲ್ಲ. ಮೂಳೆ ಕೂಡಿಸುವ ಆಪರೇಷನ್ ಆದ ಮೇಲೆ ಮೂರು ವಾರ ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ತಲೆ ಬಾಚಿದೆ, ತುತ್ತು ಕೊಟ್ಟೆ, ಸಂಬಳ ನಿಲ್ಲಿಸಲಿಲ್ಲ. ದೊಡ್ಡವ್ವ ನೋಡಿದ್ದರೆ ಮೆಚ್ಚುತ್ತಿದ್ದಳು. ಬೆರಳಿಗೆ ತಿಂಗಳುಗಟ್ಟಲೆ ವ್ಯಾಯಾಮ ಬೇಕು, ಅದಕ್ಕೆಂದೇ ಇರುವ ಚಿಕಿತ್ಸಕಿಯ ಹತ್ತಿರ ಹೋಗಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಅದು ಕೈಯಿಂದ ಖರ್ಚು ಮಾಡಬೇಕಾದದ್ದು. ನಾನೇ ಕೊಡುತ್ತೇನೆಂದೆ. ನಾಲ್ಕು ಸಲ ಹೋದಳು, ಐದನೆಯ ಸಲ ‘ಎಷ್ಟಂತ ನಿಮಗ ಭಾರ ಹಾಕೂದ್ರಿ ಅಕ್ಕಾರ, ಈಗ ಆರಾಮ ಅನಸ್ತೈತಿ’ ಎಂದು ಬಿಟ್ಟಳು. ನಾನು ಒತ್ತಾಯ ಮಾಡಲಿಲ್ಲ. ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕಿದೆ. ಕೆಲಸಕ್ಕೆ ಮರಳಿ ಎಡಗೈಯಿಂದ ಪೊಟ್ಟಣಗಳಿಗೆ ಲೇಬಲ್ ಅಂಟಿಸತೊಡಗಿದಳು. ಚಳಿಗಾಲ ಕಳೆಯಿತು. ಬೆರಳುಗಳು ಮಡಚಲಿಲ್ಲ. ನಾವಿಬ್ಬರೂ ಅದರ ಬಗ್ಗೆ ಮಾತಾಡುವುದನ್ನೇ ಬಿಟ್ಟೆವು.

ಯುಗಾದಿಗೆ ಶಾಲೆಯೊಂದರ ಸಭಾಂಗಣದಲ್ಲಿ ನಾವು ಕನ್ನಡದವರೆಲ್ಲ ಸೇರಿದ್ದೆವು. ಡಾಕ್ಟರ್ ಕಾಕಾ ಹಿರಿಯರೆಂದು ಬೇವು-ಬೆಲ್ಲ ಹಂಚುತ್ತಿದ್ದರು. ಸಾಲಿನಲ್ಲಿ ನನ್ನ ಮುಂದೆ ಭಾರತಿ. ಅವಳು ಎಡಗೈ ಚಾಚಿದಳು. ಕಾಕಾ ಕೊಡದೆ ಚಮಚ ಹಿಡಿದು ನಿಂತರು.

‘ಬೇವು-ಬೆಲ್ಲಕ್ಕ ಯಾರರ ಎಡಗೈ ಒಡ್ಡತಾರೇನವಾ? ಬಲಗೈ ತಗೀ.’

ಅವಳು ಸೆರಗಿನ ಕೆಳಗಿಂದ ಬಲಗೈ ತೆಗೆದಳು. ಎರಡು ಬೆರಳು ನೆಟ್ಟಗೆ ನಿಂತಿದ್ದವು, ಅಂಗೈ ಬಟ್ಟಲಾಗಲಿಲ್ಲ. ಹಾಕಿದ ಬೇವು-ಬೆಲ್ಲ ಜಾರಿ ನೆಲಕ್ಕೆ ಬಿತ್ತು. ಕಾಕಾ ಆ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಒಂದೊಂದೇ ಗಿಣ್ಣು ಒತ್ತಿ ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

‘ಥೆರಪಿ ಎಲ್ಲಿ ನಡದೈತಿ?’

‘ಇಲ್ರಿ ಕಾಕಾ. ಮನ್ಯಾಗ ಎಣ್ಣಿ ತಿಕ್ಕೇವಿ.’

‘ಯಾಕ? ವಿಮಾದವರು ಕೊಡಲಿಲ್ಲೇನು?’

ನಾನು ನೆಲ ನೋಡಿದೆ. ಅವರಿಗೆ ತಿಳಿಯಿತು. ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ‘ನಲವತ್ತು ವರ್ಷ ಇಂಥ ಕೈ ನೋಡೇನಿ ಸುಮಂಗಲಾ. ಮೊದಲನೇ ತಿಂಗಳದಾಗ ನೆಟ್ಟಗ ಥೆರಪಿ ಆಗಿದ್ರ ಇವು ಮಡಚತಿದ್ದವು. ಪೆಟ್ಟಾದ ಆರು ತಿಂಗಳೊಳಗ ಆಕೀನೂ ಅರ್ಜಿ ಹಾಕಬೇಕು, ಇನ್ನ ಮೂರ್ನಾಕು ವಾರ ಉಳದಾವು. ನಿನ್ನ ತಪ್ಪು ನೀ ಒಪ್ಪಿಕೊಂಡರ ಆಕಿಗೆ ಏನರ ಸಿಕ್ಕೀತು’ ಎಂದು ಹೇಳಿ ಮತ್ತೆ ಬಟ್ಟಲು ಹಿಡಿದು ಸಾಲಿನ ಮುಂದೆ ಹೋಗಿ ನಿಂತರು.

ಮರುದಿನ ಭಾರತಿ ಮತ್ತು ಅವಳ ಗಂಡ ಇದ್ದ ಬೇಸ್‌ಮೆಂಟು ಮನೆಗೆ ಹೋದೆ. ವಿಷಯ ಹೇಳಿದೆ. ಭಾರತಿ ಕೇಳುತ್ತಲೇ ತಲೆ ಅಲ್ಲಾಡಿಸಿದಳು.

‘ಬ್ಯಾಡ್ರಿ ಅಕ್ಕಾರ. ನಿಮ್ಮ ಮ್ಯಾಲ ಕೇಸು ಆಕ್ಕೈತಿ. ನಾ ಹಂಗ ಮಾಡಾಕಿ ಅಲ್ಲ. ಮತ್ತ ಆಸ್ಪತ್ರ್ಯಾಗ ಸುಳ್ಳು ಹೇಳೀನಿ, ನಾಳೆ ಇಲ್ಲೇ ಖಾಯಂ ಇರಾಕ ಹಾಕೂ ನಮ್ಮ ಪಿಆರ್ ಅರ್ಜಿಗೆ ಏನರ ಆದ್ರ?’

ಅವಳ ಗಂಡ ಅಲ್ಲಿಯವರೆಗೆ ಲ್ಯಾಪ್‌ಟಾಪಿನಿಂದ ತಲೆ ಎತ್ತಿರಲಿಲ್ಲ. ಈಗ ಎತ್ತಿದ. ಬಹಳ ಮೆಲ್ಲಗೆ ಮಾತಾಡಿದ.

‘ಬ್ಯಾರೆ ಯಾರರ ಮಾಲಕರು ಆಗಿದ್ರ ಇಕಿ ಅವತ್ತ ಖರೇ ಹೇಳತಿದ್ಲರಿ. ನೀವು ಅಕ್ಕ ಆಗಿ ಇಕಿ ಬಾಯಿ ಮುಚ್ಚಿಸಿದ್ರಿ.’

‘ಸುಮ್ನಿರ್ರಿ’ ಎಂದಳು ಭಾರತಿ. ಅವನು ಮತ್ತೆ ಲ್ಯಾಪ್‌ಟಾಪಿಗೆ ತಲೆ ಬಗ್ಗಿಸಿದ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಹೆಸರೇ ಬಾರದ ಬೋಲ್ಟನ್ನಿನ ಆ ಸೂಪರ್‌ವೈಸರು ನೆನಪಾದ. ಅವನ ಕೈಕೆಳಗಿದ್ದಿದ್ದರೆ ಭಾರತಿಯ ಬೆರಳು ಮಡಚುತ್ತಿದ್ದವು.

ಎರಡು ದಿನ ಬಿಟ್ಟು ಅವಳನ್ನು ರೊಟ್ಟಿಮನೆಗೆ ಕರೆಸಿ, ಅವಳ ಎದುರಿಗೇ ಫಾರಂ ತುಂಬಲು ಕುಳಿತೆ. ಎಲ್ಲಿ ಆಯಿತು: ನನ್ನ ಕೆಲಸದ ಜಾಗದಲ್ಲಿ. ಹೇಗೆ ಆಯಿತು: ಯಂತ್ರದ ಜಾಲರಿಯನ್ನು ನಾನು ತೆಗೆದಿಟ್ಟಿದ್ದೆ. ಯಾಕೆ ತಡವಾಗಿ ತಿಳಿಸುತ್ತಿದ್ದೀರಿ: ಮುಚ್ಚಿಟ್ಟಿದ್ದೆ. ಒಂದೊಂದು ಸಾಲು ಬರೆದಾಗಲೂ ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ನಡುವೆ ಒಂದು ಪ್ರಶ್ನೆ ಇತ್ತು. ಈ ಕೆಲಸಗಾರರು ಮಾಲೀಕರ ಗಂಡನೋ ಹೆಂಡತಿಯೋ ಸಂಬಂಧಿಕರೋ ಆಗಿದ್ದರೆ ಇಲ್ಲಿ ಗುರುತು ಹಾಕಿ ಎಂದು ಒಂದು ಸಣ್ಣ ಚೌಕ. ಅದನ್ನೂ ಓದಿದೆ. ಭಾರತಿ ಮುಖ ಎತ್ತಿದಳು. ಪೆನ್ನಿನ ಮೊನೆಯನ್ನು ಚೌಕದ ಹತ್ತಿರ ತಂದು ಎತ್ತಿಕೊಂಡೆ. ಚೌಕವನ್ನು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದೆ.

ಅವಳು ಆ ಖಾಲಿ ಚೌಕವನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಪಾಲಿನ ಅರ್ಜಿಯನ್ನು ಎಳೆದುಕೊಂಡು ಎಡಗೈಯಲ್ಲಿ ಪೆನ್ನು ಹಿಡಿದು, ಶಾಲೆಯ ಮಕ್ಕಳ ಹಾಗೆ ಅಕ್ಷರ ಕೂಡಿಸಿ ಸಹಿ ಮಾಡಿದಳು. ಎದ್ದು ನಿಂತು, ‘ನಾ ಬರ್ತೀನ್ರಿ ಮೇಡಂ’ ಎಂದಳು. ಕೋಪದಿಂದ ಹೇಳಲಿಲ್ಲ. ಅದೇ ಸರಿಯಾದ ಮಾತು ಎಂಬಂತೆ ಹೇಳಿದಳು. ಅವಳು ಹೋದ ಮೇಲೆ ನಾನು ಹಿಟ್ಟಿನ ಮೂಟೆಗಳ ಹಿಂದೆ ಕುಳಿತು ಮನಸಾರೆ ಅತ್ತೆ.

ಸರಕಾರದ ಕಡೆಯಿಂದ ಒಬ್ಬಾಕೆ ಪರಿಶೀಲನೆಗೆ ಬಂದಳು. ಜಾಲರಿ ಎಲ್ಲಿ ಎಂದಳು. ಕಪಾಟಿನ ಮೇಲೆ ತೋರಿಸಿದೆ. ನಾಚಿಕೆಯ ಮಾತು, ಅದು ಆಗಲೂ ಅಲ್ಲೇ ಇತ್ತು. ಪೆಟ್ಟಾದ ದಿನದಿಂದ ಆ ಯಂತ್ರವನ್ನು ನಾನು ಮುಟ್ಟಿರಲಿಲ್ಲ. ಅದರ ಮೇಲಿನ ಕೆಂಪನ್ನು ನೋಡಿ ಆಕೆ ಹಿಂಜರಿದಳು.

‘ಇದು ರಕ್ತವೇ?’

‘ಅಲ್ಲ. ಕುಂಕುಮ. ನಾವು ಯಂತ್ರಕ್ಕೆ ಪೂಜೆ ಮಾಡುತ್ತೇವೆ, ಯಾರಿಗೂ ಪೆಟ್ಟಾಗದಿರಲಿ ಎಂದು.’

ಆಕೆ ನನ್ನನ್ನು ಒಮ್ಮೆ ನೋಡಿ, ಬರೆದುಕೊಂಡು, ಫೋಟೋ ತೆಗೆದಳು. ನನಗೆ ದಂಡ ಬಿತ್ತು, ಕಟ್ಟಿದೆ. ಭಾರತಿಗೆ ಅಷ್ಟು ಸುಲಭವಾಗಲಿಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ಒಂದು ಕಥೆ, ಅರ್ಜಿಯಲ್ಲಿ ಇನ್ನೊಂದು ಎಂದು ಅವಳನ್ನು ಮತ್ತೆ ಮತ್ತೆ ಕೇಳಿದರು. ಕೊನೆಗೆ ಅರ್ಜಿ ಒಪ್ಪಿಗೆಯಾಗಿ ಥೆರಪಿ ಶುರುವಾಯಿತು. ಒಂದು ಬೆರಳು ಅರ್ಧ ಮಡಚುತ್ತದೆಯಂತೆ, ಇನ್ನೊಂದು ಇನ್ನು ಮಡಚುವುದಿಲ್ಲವಂತೆ. ಇದನ್ನು ಹೇಳಿದ್ದು ಕಾಕಾ. ಅವಳು ಈಗ ಬೋಲ್ಟನ್ನಿನ ಒಂದು ಗೋದಾಮಿನಲ್ಲಿ ಎಡಗೈಯಿಂದ ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡುತ್ತಾಳೆ. ಬಲಗೈ ರೊಟ್ಟಿ ಬಡಿಯುವ ಕೈಯಾಗಿ ಉಳಿದಿಲ್ಲ.

ಈಚೆಗೆ ಹುಬ್ಬಳ್ಳಿಗೆ ಫೋನು ಮಾಡಿದಾಗ ಅವ್ವನನ್ನು ಕೇಳಿದೆ, ಕಸ್ತೂರೆವ್ವ ಮತ್ತೆ ಖಾನಾವಳಿಗೆ ಬಂದಿದ್ದಳೇ ಎಂದು. ‘ಎಲ್ಲಿ ಬರಾಕ ಆಕ್ಕೈತವಾ, ಕೈ ಮ್ಯಾಲೇ ಏಳತಿರಲಿಲ್ಲ. ಆಮ್ಯಾಲ ಎಲ್ಲಿಗೆ ಹೋದ್ಲೋ ಯಾರು ಕೇಳ್ಯಾರ’ ಎಂದಳು ಅವ್ವ. ನಲವತ್ತು ವರ್ಷ ನಾನು ಆ ಸೀರೆಯನ್ನು, ಉಡಿ ತುಂಬಿದ್ದನ್ನು ನೆನಪಿಟ್ಟುಕೊಂಡಿದ್ದೆ, ಅವಳ ಕೈಯನ್ನು ಒಂದು ದಿನವೂ ನೆನೆಸಿಕೊಂಡಿರಲಿಲ್ಲ. ಹಾಗೆಂದು ದೊಡ್ಡವ್ವನನ್ನು ದ್ವೇಷಿಸಲೂ ಬರುವುದಿಲ್ಲ. ಅವಳ ಪ್ರೀತಿ ಸುಳ್ಳಲ್ಲ, ನನ್ನದೂ ಸುಳ್ಳಾಗಿರಲಿಲ್ಲ. ಅಲ್ಲಿಯ ರೀತಿ ನನಗೆ ಇನ್ನು ಹಿಡಿಸುವುದಿಲ್ಲ, ಇಲ್ಲಿಯ ರೀತಿಯಲ್ಲಿ ಉಸಿರು ಹಿಡಿದುಕೊಂಡು ಬದುಕುತ್ತೇನೆ.

ಹೋದ ತಿಂಗಳು ಹೊಸ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ಬಾಯಿ ತೆರೆದ ಕೂಡಲೇ ನಮ್ಮ ಕಡೆಯವಳೆಂದು ಗೊತ್ತಾಯಿತು. ಯಾವೂರು ಎಂದು ಕೇಳಲಿಲ್ಲ. ಕೆಲಸ ಬರುತ್ತದೆಯೇ, ಪರವಾನಗಿ ಇದೆಯೇ ಎಂದು ಕೇಳಿದೆ. ಯಂತ್ರಕ್ಕೆ ಮತ್ತೆ ಬಿಗಿದಿದ್ದ ಜಾಲರಿ ತೋರಿಸಿ, ಪೋಸ್ಟರಿನ ಮುಂದೆ ನಿಲ್ಲಿಸಿ ಸಾಲು ಸಾಲಾಗಿ ಓದಿಸಿದೆ. ಎರಡನೆಯ ದಿನ ಅವಳು ಹಿಟ್ಟು ನಾದುತ್ತ, ‘ಅಕ್ಕಾರ, ನೀರು ಇಷ್ಟ ಸಾಕೇನ್ರಿ?’ ಎಂದಳು.

‘ಅಕ್ಕಾರ ಅನಬ್ಯಾಡ’ ಎಂದೆ. ‘ಹೆಸರು ಹಿಡದ ಕರೀ. ಸುಮಂಗಲಾ ಅನ್ನು.’

‘ದೊಡ್ಡವ್ರನ್ನ ಹೆಸರು ಹಿಡದ ಹ್ಯಾಂಗ್ರಿ ಕರೀಲಿ?’

‘ರೂಢಿ ಆಕ್ಕೈತಿ.’

ವಾರ ಕಳೆಯುವುದರೊಳಗೆ ಅವಳಿಗೆ ರೂಢಿಯಾಯಿತು. ನನಗೆ ಇನ್ನೂ ಆಗಿಲ್ಲ.